ಕಲಬುರಗಿ ಸೀಮೆಯಲ್ಲಿ ಮಸಿ ಮತ್ತು ಲೇಖನಿ

ಕಲಬುರಗಿ ಸೀಮೆಯಲ್ಲಿ ಬರವಣಿಗೆಯ ಹಳೆಯ ಸಾಧನಕ್ಕೆ ಬರೆಯುವಾಗ ಮಸಿ ಬೇಕಿರಲಿಲ್ಲ. ಅದು ಕಂಟ, ಅಂದರೆ ತುದಿ ಚೂಪಾದ ಕಬ್ಬಿಣದ ಕಡ್ಡಿ. ಎಡಗೈಯಲ್ಲಿ ತಾಳೆಯೋಲೆ ಹಿಡಿದು, ಅದೇ ಕೈಯ ಹೆಬ್ಬೆರಳನ್ನು ಕಂಟಕ್ಕೆ ಆಸರೆಯಾಗಿ ಕೊಟ್ಟು, ಬಲಗೈಯಿಂದ ಅಕ್ಷರ ಕೊರೆಯಬೇಕು. ಕೈ ಮುಂದೆ ಸಾಗುವುದಕ್ಕಿಂತ ಓಲೆಯೇ ಎಡಕ್ಕೆ ಜರುಗುವುದು ಹೆಚ್ಚು. ಕೊರೆದ ಗೆರೆ ಮೊದಲಿಗೆ ಕಾಣುವುದೇ ಇಲ್ಲ. ಇದ್ದಿಲ ಪುಡಿಯನ್ನೋ ದೀಪದ ಕಾಡಿಗೆಯನ್ನೋ ಎಣ್ಣೆಯಲ್ಲಿ ಕಲಸಿ ಓಲೆಗೆ ಸವರಿ ಒರೆಸಿದಾಗ ಗೆರೆಯೊಳಗೆ ಕಪ್ಪು ಕೂತು ಅಕ್ಷರ ಎದ್ದು ಬರುತ್ತದೆ. ಹೀಗೆ ಇಲ್ಲಿ ಬರೆಯುವುದು ಮೊದಲು, ಮಸಿ ಆಮೇಲೆ. ಓಲೆಯ ನಾರಿನ ಗುಂಟ ನೇರ ಗೆರೆ ಎಳೆದರೆ ಅದು ಸೀಳುತ್ತದೆ, ಕನ್ನಡ ಮತ್ತು ತೆಲುಗು ಅಕ್ಷರಗಳ ದುಂಡುತನಕ್ಕೆ ಅದೇ ಕಾರಣ ಎಂಬ ವಿವರಣೆ ಬಹುಕಾಲದಿಂದ ಇದೆ.

ಈ ಸೀಮೆಯ ಓಲೆಗಳ ಹಿರಿಮೆ ಸಣ್ಣದಲ್ಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದಾಗ, ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ರೂಪುಗೊಂಡಿತು. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನಕ್ಕೆ, ಅಂದರೆ ವಿದ್ಯಾಕೇಂದ್ರಕ್ಕೆ, ಸಂಬಂಧಿಸಿದ 1058ರ ಶಾಸನ ಇನ್ನೂ ಹೆಚ್ಚಿನ ವಿವರ ಕೊಡುತ್ತದೆ. ಅಲ್ಲಿ ವೇದ ಕಲಿಯುವವರು 200 ಮಂದಿ. ಅವರ ಜೊತೆಗೆ ಶಾಸ್ತ್ರ ಕಲಿಯುವವರು, ಕಲಿಸುವ ಉಪಾಧ್ಯಾಯರು, ಮತ್ತು ಆರು ಮಂದಿ ಸರಸ್ವತೀ ಭಂಡಾರಿಗರು. ಈ ಭಂಡಾರಿಗರೇ ಗ್ರಂಥಪಾಲಕರು. ಒಂದು ವಿದ್ಯಾಸ್ಥಳದ ಓಲೆಕಟ್ಟುಗಳನ್ನು ನೋಡಿಕೊಳ್ಳುವುದಕ್ಕೆ ಆರು ಮಂದಿಗೆ ಜೀವನಾಂಶ ಗೊತ್ತುಮಾಡಿದ್ದರೆಂದರೆ, ಅಲ್ಲಿ ಎಷ್ಟು ಓಲೆ ಕೂಡಿದ್ದೀತು, ಅದನ್ನು ಕೊರೆದ ಕೈಗಳೆಷ್ಟು ಎಂದು ಊಹಿಸಬಹುದು. ಓಲೆಗೆ ಹುಳು ಹಿಡಿಯುತ್ತದೆ, ಒಣಗಿ ಮುರಿಯುತ್ತದೆ. ಆಗಾಗ ಎಣ್ಣೆ ಸವರಬೇಕು, ಹಾಳಾದುದನ್ನು ಹೊಸ ಓಲೆಗೆ ಇಳಿಸಬೇಕು. ಭಂಡಾರಿಗನ ಕೆಲಸ ಕಾವಲಿನಷ್ಟೇ ನಕಲಿನದೂ ಆಗಿದ್ದೀತು.

ಬರೆದ ಕೈಯ ಕಾನೂನಿನ ಬೆಲೆಗೆ ವ್ಯಾಖ್ಯಾನ ಬಂದದ್ದೂ ಇದೇ ಸೀಮೆಯ ಆಸುಪಾಸಿನಲ್ಲಿ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನನ್ನು ಕಲಬುರಗಿ ಜಿಲ್ಲೆಯ ಮರತೂರಿನವರು ತಮ್ಮವನೆಂದು ಹೇಳಿಕೊಳ್ಳುತ್ತಾರೆ. ಅವನ ಮಿತಾಕ್ಷರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಆ ಸ್ಮೃತಿಯ ಲೇಖ್ಯ ಪ್ರಕರಣದಲ್ಲಿ ಸಾಲಪತ್ರ ಹೇಗಿರಬೇಕೆಂಬ ವಿಧಿ ಇದೆ. ವರ್ಷ, ಮಾಸ, ಪಕ್ಷ, ದಿನ, ಹೆಸರು ನಮೂದಾಗಬೇಕು. ಇದು ನನಗೆ ಒಪ್ಪಿಗೆ ಎಂದು ಸಾಲಗಾರ ಸ್ವಹಸ್ತದಿಂದ ಬರೆಯಬೇಕು. ಸಾಕ್ಷಿಗಳೂ ಸ್ವಹಸ್ತದಿಂದಲೇ ಬರೆಯಬೇಕು. ಕೊನೆಯಲ್ಲಿ, ಇದನ್ನು ಬರೆದವನು ತಾನೆಂದು ಲೇಖಕ ತನ್ನ ಹೆಸರು ಹಾಕಬೇಕು. ಪತ್ರದ ಬಗ್ಗೆ ಅನುಮಾನ ಬಂದರೆ ಆ ಮನುಷ್ಯ ಬರೆದ ಬೇರೆ ಬರವಣಿಗೆಯೊಂದಿಗೆ ತಾಳೆ ನೋಡಬೇಕು. ಕೈಬರಹವೇ ಮನುಷ್ಯನ ಗುರುತು ಎಂಬ ತಿಳಿವಳಿಕೆ ಬ್ಯಾಂಕಿನ ಕಾಲದ್ದಲ್ಲ, ಅಷ್ಟು ಹಿಂದಿನದು.

ದಿನನಿತ್ಯದ ಲೆಕ್ಕಕ್ಕೆ ಓಲೆ ಒಗ್ಗುವುದಿಲ್ಲ, ಒಮ್ಮೆ ಕೊರೆದದ್ದನ್ನು ಅಳಿಸಲಾಗದು. ಕನ್ನಡ ನಾಡಿನ ವ್ಯಾಪಾರಿಗಳೂ ಶಾನುಭೋಗರೂ ಅದಕ್ಕೆಂದು ಕಡತ ಬಳಸುತ್ತಿದ್ದರು. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿದರೆ ಕಪ್ಪು ಹಲಗೆಯಂಥ ಗಟ್ಟಿ ಹಾಳೆ ಸಿಗುತ್ತದೆ. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿಟ್ಟು ಬಿಳಿ ಬಳಪದಿಂದ ಬರೆಯುವುದು. ಬೇಡವಾದ ಲೆಕ್ಕವನ್ನು ಒರೆಸಿ ಅದರ ಮೇಲೆಯೇ ಹೊಸದನ್ನು ಬರೆಯಬಹುದು. ಆ ಬಟ್ಟೆ ಮಾಯವಾಗಿ ಎಷ್ಟೋ ಕಾಲವಾಯಿತು, ಹೆಸರು ಉಳಿದಿದೆ. ವಿಧಾನಸೌಧದಿಂದ ಕಲಬುರಗಿ ಜಿಲ್ಲೆಯ ಕಮಲಾಪುರದ ತಹಸೀಲ್ದಾರ ಕಚೇರಿಯವರೆಗೆ ಫೈಲಿಗೆ ಇಂದಿಗೂ ಕಡತವೆಂದೇ ಹೆಸರು.

ಕಾಗದ ಮತ್ತು ನೀರುಮಸಿ ಕಲಬುರಗಿಯಲ್ಲಿ ನೆಲೆಯೂರಿದ್ದು ಬಹಮನಿ ಸುಲ್ತಾನರೊಂದಿಗೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಇಲ್ಲಿ ರಾಜಧಾನಿ ಕಟ್ಟಿದ ಮೇಲೆ ಆಡಳಿತದ ಭಾಷೆ ಪಾರಸಿಯಾಯಿತು. ಕಾಗದ, ಕಲಮು, ದೌತಿ, ದಫ್ತರ, ಅರ್ಜಿ, ದಸ್ಕತ್ತು ಈ ಮಾತುಗಳೆಲ್ಲ ಆ ದಾರಿಯಲ್ಲಿ ಬಂದು ಕನ್ನಡದವೇ ಆದವು. ಹಳಗನ್ನಡದ ಲೆಕ್ಕಣಿಕೆ ಹಿಂದೆ ಸರಿಯಿತು. 1397ರಿಂದ 1422ರವರೆಗೆ ಆಳಿದ ಫಿರೋಜ್ ಷಾ ಹಲವು ಭಾಷೆ ಬಲ್ಲವನು, ಕುರಾನಿನ ಪುಟಗಳನ್ನು ತನ್ನ ಕೈಯಿಂದಲೇ ನಕಲು ಮಾಡುತ್ತಿದ್ದನೆಂದು ಚರಿತ್ರೆಕಾರ ಫೆರಿಶ್ತಾ ಹೇಳುತ್ತಾನೆ. ಸುಮಾರು 1400ರಲ್ಲಿ ದೆಹಲಿಯ ಕಡೆಯಿಂದ ಬಂದು ನೆಲೆಸಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜ್ ಗೇಸುದರಾಜರು ಅರಬ್ಬಿ, ಪಾರಸಿಗಳಲ್ಲಿ ಅನೇಕ ಗ್ರಂಥಗಳನ್ನು ರಚಿಸಿದವರು. ಅವರ ದರ್ಗಾದ ಪುಸ್ತಕಭಂಡಾರ ಇಂದಿಗೂ ಹಸ್ತಪ್ರತಿಗಳನ್ನು ಕಾಪಾಡಿಕೊಂಡು ಬಂದಿದೆ.

ಆ ಕಾಲದ ಕಲಮನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಮುಂದೆ ಹೇಳಲಿರುವ ಜಪಾನಿನ ಪೆನ್ನಿನ ಒಳಗುಟ್ಟು ಅರ್ಥವಾಗುವುದಕ್ಕೆ ಅದು ನೆರವಾಗುತ್ತದೆ. ಕಲಮು ಜೊಂಡಿನದೋ ಬಿದಿರಿನದೋ ಕಡ್ಡಿ. ತುದಿಯನ್ನು ಓರೆಯಾಗಿ ಹೆರೆದು, ಕೊನೆಯನ್ನು ಒಂದೇ ಏಟಿಗೆ ಕತ್ತರಿಸಿ, ನಡುವೆ ಸಣ್ಣ ಸೀಳು ಕೊಡುತ್ತಾರೆ. ಮಸಿ ಎಂದರೆ ದೀಪದ ಕಾಡಿಗೆಗೆ ಅಂಟು ಸೇರಿಸಿ ನೀರಿನಲ್ಲಿ ಅರೆದದ್ದು. ಇದರ ತೊಡಕೆಂದರೆ ನೀರು ಹೇಳಿದ ಮಾತು ಕೇಳುವುದಿಲ್ಲ. ಕಲಮನ್ನು ನೇರ ಅದ್ದಿದರೆ ಮಸಿ ಹೆಚ್ಚು ಏರಿ ಕಾಗದದ ಮೇಲೆ ತೊಟ್ಟಿಕ್ಕುತ್ತದೆ, ಕಡಿಮೆ ಏರಿದರೆ ನಡು ಅಕ್ಷರದಲ್ಲಿ ನಿಂತುಹೋಗುತ್ತದೆ. ಇದಕ್ಕೆ ಬರಹಗಾರರು ಕಂಡುಕೊಂಡ ಉಪಾಯ ಲೀಕಾ, ಅಂದರೆ ದೌತಿಯೊಳಗೆ ಇಡುವ ರೇಷ್ಮೆ ಎಳೆಗಳ ಉಂಡೆ. ಮಸಿಯೆಲ್ಲ ಆ ಎಳೆಗಳ ಸಂದಿನಲ್ಲಿ ನಿಲ್ಲುತ್ತದೆ. ಕಲಮಿನ ತುದಿಯಿಂದ ಉಂಡೆಯನ್ನು ಮೆಲ್ಲಗೆ ಒತ್ತಿದರೆ ಬೇಕಾದಷ್ಟು ಮಾತ್ರ ಏರುತ್ತದೆ. ದೌತಿ ಉರುಳಿದರೂ ಮಸಿ ಚೆಲ್ಲುವುದು ಕಡಿಮೆ. ಸಣ್ಣ ಸಂದುಗಳಲ್ಲಿ ದ್ರವ ತಾನಾಗಿ ಹಿಡಿದು ನಿಲ್ಲುತ್ತದೆ ಎಂಬ ಈ ತತ್ವವನ್ನೇ ಮುಂದೆ ಫೌಂಟನ್ ಪೆನ್ನು ನಂಬಿತು, ನೀರುಮಸಿಯ ಗುಂಡುತುದಿಯ ಪೆನ್ನಾದ ರೋಲರ್‌ಬಾಲೂ ನಂಬಿತು.

1420ರ ದಶಕದಲ್ಲಿ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಹಾದು ಬೀದರಿಗೆ ಹೋಗುವ ದಾರಿ ಎರಡು ರಾಜಧಾನಿಗಳ ನಡುವಿನ ದಾರಿ. ಅದರ ಆ ತುದಿಯಲ್ಲಿ ಬಿದರಿ ಕೆಲಸ ಬೆಳೆಯಿತು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಮೇಲೆ ಚಿತ್ತಾರ ಕೊರೆದು ಬೆಳ್ಳಿಯ ತಂತಿ ಕೂರಿಸಿ, ಬೀದರ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಅದ್ದಿದರೆ ಲೋಹ ಕಪ್ಪಾಗಿ ಬೆಳ್ಳಿ ಬೆಳಗುತ್ತದೆ. ಹುಕ್ಕಾ, ಹೂಜಿ, ತಟ್ಟೆಗಳ ಜೊತೆ ಕಲಮ್‌ದಾನಿಗಳನ್ನೂ ಬಿದರಿಯಲ್ಲಿ ಮಾಡಿದರು. ಕಲಮು ಸವೆಯುವ ಕಡ್ಡಿ, ಕೆಲವೇ ದಿನದಲ್ಲಿ ಬಿಸಾಡಬೇಕು. ಅದನ್ನಿಡುವ ಪೆಟ್ಟಿಗೆ ಮಾತ್ರ ತಲೆಮಾರು ದಾಟುತ್ತದೆ. ಹಳೆಯ ಬಿದರಿ ಕಲಮ್‌ದಾನಿಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ, ಲಂಡನ್ನಿನ ಹರಾಜುಕಟ್ಟೆಗಳಲ್ಲಿ ಬೆಲೆಗೆ ಹೋಗುತ್ತವೆ. ಅವುಗಳೊಳಗಿದ್ದ ಕಲಮು ಒಂದೂ ಉಳಿದಿಲ್ಲದಿದ್ದರೂ ಅವಕ್ಕೆ ಬೆಲೆ ಇದೆ. ಬರೆಯುವ ಸಾಮಾನಿನ ಸಂಗ್ರಹದಲ್ಲಿ ಎಷ್ಟೋ ಸಲ ಬೆಲೆ ನಿಲ್ಲುವುದು ಹೊದಿಕೆಯ ಮೇಲೆ, ತುದಿಯ ಮೇಲಲ್ಲ ಎಂಬುದಕ್ಕೆ ಇದು ಈ ನೆಲದ ಹಳೆಯ ಉದಾಹರಣೆ.

ಮುಂದಿನ ಶತಮಾನಗಳಲ್ಲಿ ಬಿಜಾಪುರದ ಆದಿಲ್‌ಶಾಹಿ, ಮೊಗಲರು, ಆಮೇಲೆ ಹೈದರಾಬಾದಿನ ನಿಜಾಮರು ಬಂದರು. ಹಳ್ಳಿಯ ಜಮಾಬಂದಿ ಕುಲಕರ್ಣಿಯ ಕೈಯಲ್ಲೇ ಉಳಿಯಿತು. ಅವನು ಮೋಡಿ ಲಿಪಿ ಬಲ್ಲವನು. ಹಾಳೆಯ ಉದ್ದಕ್ಕೂ ಮೊದಲು ತಲೆಗೆರೆ ಎಳೆದುಕೊಂಡು, ಕೈಯೆತ್ತದೆ ಅಕ್ಷರಗಳನ್ನು ಕೂಡಿಸುತ್ತ ಹೋಗುವ ಬರವಣಿಗೆ ಅದು. ಮತ್ತೆ ಮತ್ತೆ ಅದ್ದಬೇಕಾದ ಕಲಮಿನಿಂದ ಬೇಗ ಬೇಗ ಬರೆಯುವುದಕ್ಕೆ ತಕ್ಕದ್ದು. ಹೈದರಾಬಾದ್ ಸಂಸ್ಥಾನದಲ್ಲಿ 1884ರಲ್ಲಿ ಪಾರಸಿಯ ಜಾಗಕ್ಕೆ ಉರ್ದು ಬಂದಿತು. ಶಾಲೆಯ ಹುಡುಗರು ಮರದ ತಖ್ತಿಗೆ ಮಣ್ಣು ಬಳಿದು, ಒಣಗಿಸಿ, ಕಲಮಿನಿಂದ ಬರೆದು, ತೊಳೆದು, ಮತ್ತೆ ಬಳಿಯುತ್ತಿದ್ದರು. ಕಾಡಿಗೆ ಮಸಿ ನೀರಿಗೆ ಬಿಡುವುದು ಅಲ್ಲಿ ದೋಷವಾಗಿರದೆ ಅನುಕೂಲವಾಗಿತ್ತು.

1871ರಲ್ಲಿ ಸೋಲಾಪುರದಿಂದ ರಾಯಚೂರಿಗೆ ರೈಲು ಹಳಿ ಕೂಡಿದಾಗ ಕಲಬುರಗಿ ಮುಂಬಯಿಗೆ ಹತ್ತಿರವಾಯಿತು. ಆ ಹೊತ್ತಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಲೋಕಕ್ಕೆಲ್ಲ ಉಕ್ಕಿನ ನಿಬ್ಬು ಹಂಚುತ್ತಿತ್ತು. ಮರದ ಹಿಡಿಗೆ ಸಿಕ್ಕಿಸುವ ಆ ನಿಬ್ಬೇ ಉತ್ತರ ಕರ್ನಾಟಕದ ಟಾಕು. ಜೊಂಡನ್ನು ಹೆರೆಯುವ ಕುಸುರಿ ಆಗ ಕೈಬಿಟ್ಟಿತು. 1931ರಲ್ಲಿ ಮುಂಬಯಿಯ ದಾಂಡೇಕರ ಸಹೋದರರು, ಮುಂದೆ ಕ್ಯಾಮ್ಲಿನ್ ಎಂದಾದ ಕಂಪನಿಯಲ್ಲಿ, ಮಸಿಯ ಪುಡಿ ಮತ್ತು ಗುಳಿಗೆ ಮಾಡತೊಡಗಿದರು. ಒಂದು ಪುಡಿಕೆ, ಒಂದು ಬಾಟಲಿ ನೀರು ಇದ್ದರೆ ಹಳ್ಳಿಯ ಶಾಲೆಗೂ ಶಾಯಿ ಸಿದ್ಧ. ಕಲಬುರಗಿಯಲ್ಲಿ 1907ರಲ್ಲೇ ಹುಟ್ಟಿದ ನೂತನ ವಿದ್ಯಾಲಯದಂಥ ಶಾಲೆಗಳ ತಲೆಮಾರು ಈ ಟಾಕು, ದೌತಿಯಲ್ಲೇ ಅಕ್ಷರ ತಿದ್ದಿತು.

ಮಸಿಯನ್ನು ಪೆನ್ನಿನ ಹೊಟ್ಟೆಯಲ್ಲೇ ಇಟ್ಟು ಬೇಕಾದಷ್ಟು ಮಾತ್ರ ಕೆಳಗಿಳಿಸುವ ಯುಕ್ತಿಗೆ ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ. ನಿಬ್ಬಿನ ಕೆಳಗಿನ ನಾಲಗೆಯಲ್ಲಿ ಸಣ್ಣ ಸೀಳುಗಳು. ಮಸಿ ಕೆಳಗಿಳಿದಷ್ಟೂ ಗಾಳಿ ಮೇಲೇರುತ್ತದೆ. ದಕ್ಷಿಣ ಭಾರತದಲ್ಲಿ ಈ ಪೆನ್ನಿನ ಸ್ವದೇಶಿ ಕಥೆ ಶುರುವಾಗುವುದು ಆಂಧ್ರದ ರಾಜಮಂಡ್ರಿಯಲ್ಲಿ. ಗಾಂಧೀಜಿಯ ಮಾತಿನಿಂದ ಪ್ರೇರಿತರಾಗಿ ಕೆ.ವಿ. ರತ್ನಂ 1932ರಲ್ಲಿ ಎಬೊನೈಟ್ ಕಡ್ಡಿಯನ್ನು ಲೇಥಿನಲ್ಲಿ ಕಡೆದು ಪೆನ್ನು ಮಾಡಿದರು. ಕಲಬುರಗಿಗೆ ಇನ್ನೂ ಹತ್ತಿರದ ಪೆನ್ನಿನ ಪೇಟೆ ಹೈದರಾಬಾದ್. ಅದು ಆಗ ರಾಜಧಾನಿ, ಕೋರ್ಟು ಕಚೇರಿ ಓದು ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. 1928ರಲ್ಲಿ ಅಲ್ಲಿ ಶುರುವಾದ ಡೆಕ್ಕನ್ ಪೆನ್ ಸ್ಟೋರ್ಸ್ ವಿದೇಶಿ ಪೆನ್ನು ಮಾರುತ್ತ, ತಾನೂ ಎಬೊನೈಟ್ ಪೆನ್ನು ಮಾಡುತ್ತ ಬೆಳೆಯಿತು. ಅದರ ಒಂದು ಮಾದರಿಗೆ ಅಡ್ವೊಕೇಟ್ ಎಂದೇ ಹೆಸರು. ಎಬೊನೈಟ್ ಎಂದರೆ ಗಂಧಕ ಸೇರಿಸಿ ಗಟ್ಟಿಮಾಡಿದ ರಬ್ಬರು. ಕೈಗೆ ಬೆಚ್ಚಗೆ, ಹಗುರ, ಬೆವರಿಗೂ ಜಾರದು. ಬಿಸಿಲಿಗೆ ಮಾತ್ರ ಅದು ಸೋಲುತ್ತದೆ. ಕಿಟಕಿಯ ಹತ್ತಿರ ವರ್ಷಗಟ್ಟಲೆ ಬಿದ್ದ ಕರಿ ಪೆನ್ನು ಕ್ರಮೇಣ ಕಂದಿ ಹಸಿರುಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ.

ಸೆಪ್ಟೆಂಬರ್ 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು, 1 ನವೆಂಬರ್ 1956ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಬಂದಿತು. ಈ ಎಂಟು ವರ್ಷಗಳ ರಾಜಕೀಯ ಬದಲಾವಣೆಯನ್ನು ಬೆರಳಿನ ಮಟ್ಟದಲ್ಲಿ ನೋಡಿದವರು ಕಡಿಮೆ. ಬಲದಿಂದ ಎಡಕ್ಕೆ ಬರೆಯುತ್ತ ಬೆಳೆದ ಗುಮಾಸ್ತನ ಕೈ ಎಡದಿಂದ ಬಲಕ್ಕೆ ಹೊರಳಬೇಕಾಯಿತು. ನಿಬ್ಬಿಗೆ ನೆನಪಿದೆ. ಒಬ್ಬರ ಕೈಯಲ್ಲಿ, ಒಂದೇ ಓರೆಯಲ್ಲಿ, ಒಂದೇ ದಿಕ್ಕಿಗೆ ಸವೆದು ಅದು ಅವರಿಗಷ್ಟೇ ಪಳಗುತ್ತದೆ. ಉರ್ದುವಿಗೆ ಸವೆದ ನಿಬ್ಬು ಕನ್ನಡದ ಸುತ್ತು, ಕೊಂಬುಗಳಲ್ಲಿ ಕಾಗದ ಕೆರೆಯುತ್ತದೆ. ಇದಕ್ಕಾಗಿಯೇ ಒಳ್ಳೆಯ ಪೆನ್ನನ್ನು ಇನ್ನೊಬ್ಬರ ಕೈಗೆ ಕೊಡಬಾರದೆಂಬ ಮಾತು ಇದ್ದದ್ದು, ಅದು ಜಿಪುಣತನದ ಮಾತಲ್ಲ. ಬಾಲ್‌ಪೆನ್ನಿನ ಗುಂಡಿಗೆ ಈ ನೆನಪಿಲ್ಲ. ತುದಿಯಲ್ಲಿ ಉರುಳುವ ಚೆಂಡಿಗೆ ಬಲವೂ ಒಂದೇ, ಎಡವೂ ಒಂದೇ. ಉರ್ದು, ಮರಾಠಿ, ಕನ್ನಡ, ಇಂಗ್ಲಿಷು ಒಟ್ಟಿಗೇ ಬರೆಯುವ ಕಲಬುರಗಿಯಂಥ ಊರಿಗೆ ಇದು ದೊಡ್ಡ ಗುಣ.

ಆದರೆ ಮೊದಲು ಬಂದ ಗುಂಡು ಎಣ್ಣೆಮಸಿಯದು. ಹಂಗರಿಯ ಲಾಸ್ಲೊ ಬಿರೊ 1938ರಲ್ಲಿ ಪೇಟೆಂಟ್ ಪಡೆದ ಬಾಲ್‌ಪೆನ್ನಿನ ಬೇರೊಂದು ರೂಪವನ್ನು 29 ಅಕ್ಟೋಬರ್ 1945ರಂದು ನ್ಯೂಯಾರ್ಕಿನ ಗಿಂಬೆಲ್ಸ್ ಅಂಗಡಿ ಹನ್ನೆರಡೂವರೆ ಡಾಲರಿಗೆ ಮಾರಾಟಕ್ಕಿಟ್ಟಿತು. ಭಾರತಕ್ಕೆ ಅದು ಬಂದಾಗ ಬ್ಯಾಂಕು, ಕಚೇರಿಗಳು ಬಹಳ ಕಾಲ ಬಾಲ್‌ಪೆನ್ನಿನ ಸಹಿಯನ್ನು ಅನುಮಾನದಿಂದ ನೋಡಿದವು, ಮೇಷ್ಟ್ರುಗಳು ಅಕ್ಷರ ಕೆಡುತ್ತದೆಂದು ಬೇಡವೆಂದರು. ಅವರ ಮಾತಿನಲ್ಲಿ ಹುರುಳಿತ್ತು. ಎಣ್ಣೆಮಸಿ ದಪ್ಪ, ಗುಂಡನ್ನು ಉರುಳಿಸಲು ಒತ್ತಬೇಕು. ಒತ್ತಿ ಒತ್ತಿ ಬರೆದ ಕೈಯಲ್ಲಿ ಅಕ್ಷರದ ದಪ್ಪ ತೆಳುವಿನ ಏರಿಳಿತ ಹೋಗುತ್ತದೆ, ಬೆರಳು ನೋಯುತ್ತದೆ. ಅಗ್ಗದ ರೀಫಿಲ್ಲಿಗೆ ಕಲಬುರಗಿಯ ಮೇ ತಿಂಗಳ 42, 43 ಡಿಗ್ರಿ ತಾಗಿದರೆ ಎಣ್ಣೆ ತೆಳುವಾಗಿ ಜೇಬಿನಲ್ಲೇ ಒಸರುತ್ತದೆ. ಇಷ್ಟಾದರೂ ಅಗ್ಗ ಗೆದ್ದಿತು. 1980ರ ದಶಕದಲ್ಲಿ ಚೆನ್ನೈಯಲ್ಲಿ ತಯಾರಾದ ಬಿಳಿ ಮೈ, ನೀಲಿ ಮುಚ್ಚಳದ ರೆನಾಲ್ಡ್ಸ್ 045 ಪ್ರತಿ ಶಾಲಾಚೀಲವನ್ನೂ ಹೊಕ್ಕಿತು. ಬೆಂಗಳೂರಿನ ಬ್ರಿಲ್ ಇಂಕಿನ ಬಾಟಲಿ ಕಪಾಟಿನ ಹಿಂದಿನ ಸಾಲಿಗೆ ಸರಿಯಿತು.

ಜಪಾನಿನವರು ನೀರುಮಸಿಯನ್ನು ಬಿಡಲಿಲ್ಲ. ಇದಕ್ಕೆ ಅವರ ಲಿಪಿಯೇ ಕಾರಣವೆಂದು ಹೇಳಬಹುದು. ಕುಂಚದಿಂದ ಬರೆಯುತ್ತ ಬಂದ ಜನ, ಒಂದು ಸಣ್ಣ ಚೌಕದೊಳಗೆ ಹದಿನೈದು ಇಪ್ಪತ್ತು ಗೀಟು ಕೂರಿಸಬೇಕಾದ ಅಕ್ಷರಗಳು. ಗೆರೆ ತೆಳುವಾಗಿರಬೇಕು, ಆದರೂ ಕಪ್ಪಾಗಿರಬೇಕು, ಒತ್ತದೆ ಹರಿಯಬೇಕು. ಅಲ್ಲಿ ಫೌಂಟನ್ ಪೆನ್ನಿನ ಮೂರು ದೊಡ್ಡ ಕಂಪನಿಗಳು ಎಂಟು ವರ್ಷಗಳ ಅಂತರದಲ್ಲಿ ಹುಟ್ಟಿದವು: 1911ರಲ್ಲಿ ಕುರೆ ಬಂದರಿನಲ್ಲಿ ಸೇಲರ್, 1918ರಲ್ಲಿ ಪೈಲಟ್, 1919ರಲ್ಲಿ ಪ್ಲಾಟಿನಂ. ಪೈಲಟ್ ಕಟ್ಟಿದ ನಮಿಕಿ ರ‍್ಯೊಸುಕೆ ಟೋಕಿಯೋದ ನೌಕಾಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಬಂದರಿನೊಳಗೆ ಹಡಗಿಗೆ ದಾರಿ ತೋರುವವನ ಹೆಸರನ್ನೇ ಕಂಪನಿಗೆ ಇಟ್ಟರು. ಎಬೊನೈಟ್ ಬಿಸಿಲಿಗೆ ಕಂದುವ ತೊಂದರೆ ಅವರಿಗೂ ಎದುರಾಯಿತು. ಅವರು ಕಂಡುಕೊಂಡ ಪರಿಹಾರ ಉರುಶಿ, ಮರದಿಂದ ಇಳಿಸುವ ಜಪಾನಿನ ಮೆರುಗೆಣ್ಣೆ. ಅದರ ಲೇಪ ಕೊಟ್ಟ ಎಬೊನೈಟ್ ಕಂದಲಿಲ್ಲ. ಲೇಪ ಕೊಟ್ಟ ಮೇಲೆ ಚಿತ್ತಾರ ಬಿಡುವುದೇ? ಕಪ್ಪು ಮೆರುಗಿನ ಮೇಲೆ ಚಿನ್ನದ ಪುಡಿ ಉದುರಿಸಿ ಚಿತ್ರ ಬಿಡಿಸುವ ಮಾಕಿಎ ಕಲೆ ಪೆನ್ನಿನ ಮೈಗೆ ಏರಿತು. 1930ರಲ್ಲಿ ಲಂಡನ್ನಿನ ಡನ್‌ಹಿಲ್ ಕಂಪನಿ ಈ ಪೆನ್ನುಗಳನ್ನು ಯುರೋಪಿಗೆ ಕೊಂಡೊಯ್ಯುವ ಒಪ್ಪಂದ ಮಾಡಿಕೊಂಡಿತು. ಡನ್‌ಹಿಲ್ ನಮಿಕಿ ಎಂದು ಹೆಸರಾದ ಆ ಪೆನ್ನುಗಳು ಇಂದು ಸಂಗ್ರಾಹಕರ ಲೋಕದಲ್ಲಿ ಎಲ್ಲಕ್ಕಿಂತ ಮೇಲಿನ ಬೆಲೆಯವುಗಳಲ್ಲಿ ಸೇರಿವೆ. ಬೀದರಿನ ಕಪ್ಪು ಲೋಹದ ಮೇಲಿನ ಬೆಳ್ಳಿಯನ್ನು ಕಂಡವರಿಗೆ ಆ ಕಪ್ಪು ಮೆರುಗಿನ ಮೇಲಿನ ಚಿನ್ನ ಅಪರಿಚಿತವೆನಿಸುವುದಿಲ್ಲ.

ನೀರುಮಸಿಯನ್ನು ಗುಂಡಿಗೆ ಕೂಡಿಸಿದ್ದು ಓಟೋ ಎಂಬ ಕಂಪನಿ, 1964ರಲ್ಲಿ. ರೋಲರ್‌ಬಾಲ್ ಎಂದು ಲೋಕ ಕರೆಯುವುದು ಇದನ್ನೇ. 1972ರಲ್ಲಿ ಪೆಂಟೆಲ್ ತನ್ನ ಹಸಿರು ಮೈಯ ಬಾಲ್ ಪೆಂಟೆಲ್ ತಂದಿತು, 1979ರಲ್ಲಿ ಮಿತ್ಸುಬಿಷಿ ಪೆನ್ಸಿಲ್ ಕಂಪನಿಯ ಯೂನಿಬಾಲ್ ಬಂದಿತು. ಈ ಮಿತ್ಸುಬಿಷಿಗೂ ಕಾರು, ಹಡಗು ಮಾಡುವ ಮಿತ್ಸುಬಿಷಿಗೂ ಸಂಬಂಧವಿಲ್ಲ. ಪೆನ್ಸಿಲಿನವರು ಮೂರು ವಜ್ರದ ಗುರುತನ್ನು 1903ರಲ್ಲೇ ನೋಂದಾಯಿಸಿಕೊಂಡಿದ್ದರು.

ನೀರುಮಸಿಯನ್ನು ಗುಂಡಿಗೆ ಕೂಡಿಸುವ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಎಣ್ಣೆಮಸಿ ಜೇನಿನಂತೆ ದಪ್ಪ, ಗುಂಡಿನ ಸಂದಿನಿಂದ ತಾನಾಗಿ ಇಳಿಯದು. ನೀರುಮಸಿ ಇಳಿದೇ ಇಳಿಯುತ್ತದೆ. ಅದನ್ನು ತಡೆಯಬೇಕಾದರೆ ಅರ್ಧ ಮಿಲಿಮೀಟರಿನ ಗುಂಡಿಗೂ ಅದು ಕೂತ ಬಟ್ಟಲಿಗೂ ನಡುವಿನ ಸಂದು ಮೈಕ್ರಾನುಗಳ ಲೆಕ್ಕದಲ್ಲಿರಬೇಕು. ಗುಂಡು ಟಂಗ್‌ಸ್ಟನ್ ಕಾರ್ಬೈಡಿನದು, ಉಕ್ಕಿಗಿಂತ ಗಡುಸು. ಬಟ್ಟಲಿನ ಉಕ್ಕು ಮಸಿಗೆ ತುಕ್ಕು ಹಿಡಿಯದಂಥದ್ದಾಗಿರಬೇಕು. ವರ್ಷಕ್ಕೆ ಸುಮಾರು 3,800 ಕೋಟಿ ಪೆನ್ನು ಮಾಡುವ ಚೀನಾ ಕೂಡ ಈ ತುದಿಯ ಉಕ್ಕಿಗೆ ಜಪಾನಿನಂಥ ದೇಶಗಳ ಬಾಗಿಲು ಕಾಯುತ್ತಿತ್ತು. ಅಲ್ಲಿನ ತೈಯುವಾನ್ ಉಕ್ಕು ಕಾರ್ಖಾನೆಗೆ ಅದು ಕೈಗೂಡಿದ್ದು 2016ರಲ್ಲಿ. ಇನ್ನು ಮಸಿಯನ್ನು ಹಿಡಿದಿಡುವ ಬಗೆ. ಮೊದಲ ರೋಲರ್‌ಬಾಲ್‌ಗಳ ಹೊಟ್ಟೆಯಲ್ಲಿ ನಾರಿನ ಬತ್ತಿ ಇತ್ತು, ಮಸಿಯೆಲ್ಲ ಆ ಎಳೆಗಳಲ್ಲಿ ಹೀರಿ ನಿಂತಿತ್ತು. ದೌತಿಯ ರೇಷ್ಮೆ ಉಂಡೆಯೇ ಪೆನ್ನಿನೊಳಗೆ ಬಂದು ಕೂತಂತೆ. ಪೈಲಟ್ ತನ್ನ ಹೈಟೆಕ್‌ಪಾಯಿಂಟ್ ವಿ5ರಲ್ಲಿ ಬತ್ತಿಯನ್ನು ತೆಗೆದು ಮಸಿಯನ್ನು ಸಡಿಲವಾಗಿಯೇ ತುಂಬಿ, ಕತ್ತಿನಲ್ಲಿ ಬಾಚಣಿಗೆಯ ಹಲ್ಲಿನಂಥ ಪ್ಲಾಸ್ಟಿಕ್ ಪದರಗಳನ್ನಿಟ್ಟಿತು. ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಮಸಿಯನ್ನು ತಳ್ಳಿದರೆ ಹೆಚ್ಚಾದದ್ದು ಆ ಹಲ್ಲುಗಳ ಸಂದಿನಲ್ಲಿ ನಿಲ್ಲುತ್ತದೆ. ವಾಟರ್‌ಮನ್ನನ ನಾಲಗೆ ಮಾಡಿದ ಕೆಲಸವೂ ಇದೇ ಜಾತಿಯದು. 1984ರಲ್ಲಿ ಒಸಾಕದ ಸಕುರಾ ಕಂಪನಿ ಮೂರನೆಯ ದಾರಿ ತೋರಿಸಿತು. ನೀರುಮಸಿಗೆ ಅಂಟು ಸೇರಿಸಿ ನಿಂತಾಗ ಗಟ್ಟಿ, ಉರುಳಿದಾಗ ತೆಳು ಆಗುವ ಜೆಲ್ ಮಾಡಿತು.

ಭಾರತಕ್ಕೆ ಪೈಲಟ್‌ನ ಈ ಪೆನ್ನುಗಳನ್ನು ತಂದದ್ದು ದೆಹಲಿಯ ಲಕ್ಸರ್ ಕಂಪನಿ, 1982ರಲ್ಲಿ ಮಾಡಿಕೊಂಡ ಒಪ್ಪಂದದ ಮೇಲೆ. ಯೂನಿಬಾಲನ್ನು ಕೋಲ್ಕತ್ತದ ಲಿಂಕ್ 1990ರ ದಶಕದಲ್ಲಿ ತಂದಿತು. ಅದೇ ಕಾಲದಲ್ಲಿ ಕಲಬುರಗಿ ಓದಿನ ಊರಾಗಿ ಬೆಳೆಯುತ್ತಿತ್ತು. 1958ರಲ್ಲಿ ಹುಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳನ್ನು ಕಟ್ಟಿತ್ತು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ವತಂತ್ರವಾಯಿತು. ಮೂರು ಗಂಟೆ ಬಿಡದೆ ಬರೆಯಬೇಕಾದ ಪರೀಕ್ಷೆಗೆ ಒತ್ತದೆ ಹರಿಯುವ ಪೆನ್ನು ಎಂಥ ಆಸರೆ ಎಂಬುದು ಬರೆದ ಬೆರಳಿಗೇ ಗೊತ್ತು. ಊರಿನ ಸೂಪರ್ ಮಾರ್ಕೆಟ್ ಪ್ರದೇಶದ ಸುತ್ತಿನ ಸ್ಟೇಷನರಿ ಅಂಗಡಿಗಳಲ್ಲಿ ವಿ5 ಎಂದರೆ ಸಾಕು, ಕಂಪನಿಯ ಹೆಸರು ಬೇಕಿಲ್ಲ. ತೆಳು ಕಾಗದದಲ್ಲಿ ಅದರ ಮಸಿ ಹಿಂಬದಿಗೆ ಮೂಡುತ್ತದೆ. ಬೆವರ ಕೈ ತಾಗಿದರೆ ಕಲೆಸುತ್ತದೆ. ಒಣಹವೆಯಲ್ಲಿ ಮುಚ್ಚಳ ಹಾಕದೆ ಬಿಟ್ಟರೆ ತುದಿ ಒಣಗುತ್ತದೆ. ಚೆಕ್ಕು, ದಸ್ತಾವೇಜಿಗೆ ನೀರಿಗೆ ಬಿಡದ ವರ್ಣಕದ ಮಸಿ ಬೇಕು. ಯೂನಿಬಾಲ್ ಐನಂಥ ಪೆನ್ನುಗಳಲ್ಲಿ ಅದು ಬಂದಿತು. ತಖ್ತಿಯ ಕಾಲದ ಕಾಡಿಗೆ ಮಸಿಯೂ ವರ್ಣಕವೇ. ಕಾಗದದ ನಾರಿನೊಳಗೆ ಇಳಿದು ಕೂರುವಷ್ಟು ಸಣ್ಣದಾಗಿ ಅರೆದ ಕಣ ಈಗಿನ ಸಾಧನೆ.

ದುಃಖದ ಮಾತೊಂದಿದೆ. ಒಳ್ಳೆಯ ಪೆನ್ನು ಕೈಗೆಟುಕಿದ ಹೊತ್ತಿಗೆ ಬರವಣಿಗೆಯ ಕಸುಬು ಕೈಬಿಡುತ್ತಿತ್ತು. 2000ದ ಸುಮಾರಿಗೆ ಕರ್ನಾಟಕ ಸರ್ಕಾರ ಭೂಮಿ ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು, ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಕೆಂಪುಬಾಳೆಗೆ ಹೆಸರಾದ ಕಮಲಾಪುರದ ರೈತನ ಹೊಲದ ಲೆಕ್ಕ ಕುಲಕರ್ಣಿಯ ಮೋಡಿಯಿಂದ ಪಟವಾರಿಯ ಉರ್ದುವಿಗೆ, ಅಲ್ಲಿಂದ ಗ್ರಾಮಲೆಕ್ಕಿಗನ ಕನ್ನಡಕ್ಕೆ ಬಂದು, ಕೊನೆಗೆ ಮುದ್ರಿತ ಹಾಳೆಯಾಯಿತು. ತಿದ್ದುವ ಕೈಗಳ ಕಾಟ ತಪ್ಪಿದ್ದು ರೈತನಿಗೆ ಒಳಿತೇ. ಕಮಲಾಪುರ ತಾಲ್ಲೂಕು ಕೇಂದ್ರವಾದಾಗ ಅಲ್ಲಿನ ಕಚೇರಿಗೆ ಬಂದ ಕಡತಗಳಲ್ಲಿ ಕೈಬರಹಕ್ಕೆ ಉಳಿದ ಜಾಗ ಬಹುಮಟ್ಟಿಗೆ ಟಿಪ್ಪಣಿಯದು ಮತ್ತು ಸಹಿಯದು.

ಬರೆಯುವ ಅಗತ್ಯ ಇಳಿದಂತೆ ಪೆನ್ನನ್ನು ಸಂಗ್ರಹಿಸುವ ಆಸೆ ಏರಿತು. ಭಾರತದ ಹಳೆಯ ಪೆನ್ನಿನ ಪೇಟೆಯಲ್ಲಿ ಮೊದಲ ಮರ್ಯಾದೆ ಫೌಂಟನ್ ಪೆನ್ನಿಗೆ: ಪಾರ್ಕರ್ 51, ಜಪಾನಿನ ಹಳೆಯ ಪೈಲಟ್, ರತ್ನಂ ಮತ್ತು ಡೆಕ್ಕನ್ನಿನ ಎಬೊನೈಟ್ ಪೆನ್ನುಗಳು. ಕೊಳ್ಳುವವರು ನೋಡುವುದು ಕ್ಲಿಪ್ಪು ಮೂಲದ್ದೇ, ಮುಚ್ಚಳದ ಬಳೆ ಸಡಿಲವಾಗಿಲ್ಲವೇ, ನಿಬ್ಬು ಬದಲಾಗಿಲ್ಲವೇ, ಬಿರುಕಿಲ್ಲವೇ, ಪೆಟ್ಟಿಗೆ ಇದೆಯೇ. ಪೈಲಟ್‌ನ ಹಳೆಯ ನಿಬ್ಬುಗಳ ಮೇಲೆ ತಯಾರಿಯ ಕಾಲ ಹೇಳುವ ಅಂಕಿ ಇರುತ್ತದೆ. ಮೈಮೇಲೆ ಹೆಸರು ಕೆತ್ತಿದ್ದರೆ ಬೆಲೆ ಇಳಿಯುತ್ತದೆ. ನಿವೃತ್ತಿಯ ದಿನ ಹೆಸರು ಕೆತ್ತಿಸಿ ಪೆನ್ನು ಕೊಡುವುದು ಈ ಕಡೆಯ ಶಾಲೆ, ಕಚೇರಿಗಳ ರೂಢಿ. ಪೇಟೆಯಲ್ಲಿ ಬೆಲೆ ಕಳೆಯುವ ಆ ಕೆತ್ತನೆಯೇ ಮನೆಯಲ್ಲಿ ಆ ಪೆನ್ನನ್ನು ಮಾರದಂತೆ ತಡೆಯುತ್ತದೆ.

ರೋಲರ್‌ಬಾಲ್‌ನ ಮರುಮಾರಾಟದ ಲೆಕ್ಕ ಬೇರೆ. ಫೌಂಟನ್ ಪೆನ್ನಿನಲ್ಲಿ ಬರೆಯುವ ತುದಿ ಪೆನ್ನಿನದೇ ಅಂಗ, ಚಿನ್ನದ ನಿಬ್ಬಿಗೆ ತೂಕದ ಬೆಲೆಯೂ ಇದೆ. ರೋಲರ್‌ಬಾಲ್‌ನಲ್ಲಿ ತುದಿ ರೀಫಿಲ್ಲಿನೊಂದಿಗೆ ಬರುತ್ತದೆ, ರೀಫಿಲ್ಲಿನೊಂದಿಗೆ ಹೋಗುತ್ತದೆ. ಉಳಿಯುವುದು ಬರೀ ಮೈ. ಬಿದರಿ ಕಲಮ್‌ದಾನಿಯಂತೆ ಅದು ಹೊದಿಕೆಯ ಚೆಲುವಿನಿಂದಲೇ ನಿಲ್ಲಬೇಕು. ಟೊಂಬೊ ಕಂಪನಿಯ ಜೂಮ್ 505, ಸುರುಟಿನಂತೆ ದಪ್ಪಗೆ ಕಪ್ಪಗಿನ ನೀರುಮಸಿಯ ಪೆನ್ನು, 1986ರಲ್ಲಿ ಬಂದು ದಶಕಗಳ ಕಾಲ ಮೆಚ್ಚುಗೆ ಪಡೆದದ್ದು ಆ ಮೈಕಟ್ಟಿನಿಂದ. ಹೊಸ ಪೆನ್ನಿನ ಬೆಲೆ ಪೆಟ್ಟಿಗೆ ಬಿಚ್ಚಿದೊಡನೆ ಇಳಿಯುತ್ತದೆ. ತಯಾರಿ ನಿಂತುಹೋದ ಮಾದರಿಗೆ, ಎಣಿಸಿ ಮಾಡಿದ ವಿಶೇಷ ಬಣ್ಣಕ್ಕೆ, ಬಳಸದೆ ಇಟ್ಟಿದ್ದಕ್ಕೆ ಮಾತ್ರ ಅದು ಮತ್ತೆ ಏರೀತು. ಅದೂ ರೀಫಿಲ್ ಸಿಗುತ್ತಿರುವವರೆಗೆ. ಕಂಪನಿ ಆ ಅಳತೆಯ ರೀಫಿಲ್ ನಿಲ್ಲಿಸಿದ ದಿನ ಒಂದೇ ಪೆನ್ನಿಗೆ ಎರಡು ಬೆಲೆ ಹುಟ್ಟುತ್ತದೆ, ಬರೆಯುವವನಿಗೆ ಅದು ಬೇಡ, ಸಂಗ್ರಾಹಕನಿಗೆ ಬೇಕು. ಬಹುಕಾಲ ಇಟ್ಟ ರೀಫಿಲ್ಲಿನ ನೀರು ಆರಿ ತುದಿ ಕಟ್ಟಿಕೊಳ್ಳುವುದರಿಂದ ದಾಸ್ತಾನು ಮಾಡಿಟ್ಟು ಗೆಲ್ಲುವ ದಾರಿಯೂ ಇಲ್ಲ.

ಎಬೊನೈಟ್ ಕಡೆಯುವ ದಕ್ಷಿಣದ ಕೆಲವು ಪೆನ್ನುಗಾರರು ಈಗ ಈ ರೀಫಿಲ್ಲಿನ ತೊಡಕಿಗೆ ತಮ್ಮದೇ ಉತ್ತರ ಕೊಟ್ಟಿದ್ದಾರೆ. ಅದೇ ಲೇಥು, ಅದೇ ಗಂಧಕದ ವಾಸನೆಯ ಕಡ್ಡಿ, ಕೈಯಿಂದ ಉಜ್ಜಿ ತೆಗೆದ ಅದೇ ಮೆರುಗು. ನಿಬ್ಬು ಕೂರುತ್ತಿದ್ದ ಕತ್ತಿನ ರಂಧ್ರವನ್ನು ಮಾತ್ರ ಎಲ್ಲೆಡೆ ಸಿಗುವ ಅಳತೆಯ ರೋಲರ್‌ಬಾಲ್ ರೀಫಿಲ್ಲಿಗೆ ಸರಿಯಾಗಿ ಕೊರೆದು, ಹಿಂದೆ ಒಂದು ಸ್ಪ್ರಿಂಗು ಇಟ್ಟು, ಮರೆ ತಿರುಗಿಸಿ ಮುಚ್ಚುತ್ತಾರೆ.